ಶಾಸ್ತ್ರಿಯವರ ಕಾರಿನ ಸಾಲ ಮತ್ತು ನಮ್ಮ ಮನೆಯ ಕಾಗದಪತ್ರ: ಹಿರಿಯರು ಇರುವಾಗ, ಹೋದ ಮೇಲೆ ಏನೇನು ಮಾಡಬೇಕು

ಪ್ರತಿ ವರ್ಷ ಜನವರಿ 11ರ ಹೊತ್ತಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಕಾರಿನ ಕಥೆ ಎಲ್ಲರ ಮೊಬೈಲಿಗೂ ಬಂದೇ ಬರುತ್ತದೆ. ಅದರ ಬೆನ್ನಿಗೇ ನನಗೆ ಅವೇ ಪ್ರಶ್ನೆಗಳೂ ಬರುತ್ತವೆ. ಶಿರಸಿ, ಸಿದ್ದಾಪುರ ಕಡೆಯವರಾದರೆ "ಅಪ್ಪ ಸೊಸೈಟಿಯಲ್ಲಿ ಮಾಡಿದ ಸಾಲ ನಾವು ತುಂಬಲೇಬೇಕಾ?" ಕಾರವಾರ, ಅಂಕೋಲಾ ಕಡೆಯವರಾದರೆ "ಬೋಟಿನ ಸಾಲ ಅಣ್ಣನ ಹೆಸರಲ್ಲಿತ್ತು, ಈಗ ಅತ್ತಿಗೆ ತಲೆ ಮೇಲೆ ಬರುತ್ತಾ?" ಒಬ್ಬೊಬ್ಬರಿಗೇ ಬರೆದು ಸಾಕಾಗಿದೆ. ಹಾಗಾಗಿ ಎಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಕಥೆ, ಗೊತ್ತಿಲ್ಲದವರಿಗಾಗಿ. 1964ರಲ್ಲಿ ಪ್ರಧಾನಿಯಾದ ಮೇಲೆ ಶಾಸ್ತ್ರಿಯವರು ಮನೆಯವರ ಒತ್ತಾಯಕ್ಕೆ ಒಂದು ಫಿಯೆಟ್ ಕಾರು ಕೊಂಡರು. ಬೆಲೆ 12,000 ರೂಪಾಯಿ. ಖಾತೆಯಲ್ಲಿ ಇದ್ದದ್ದು 7,000. ಉಳಿದ 5,000ಕ್ಕೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಸಾಲ ಮಾಡಿದರು. 1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಪಾಕಿಸ್ತಾನದ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಆ ರಾತ್ರಿ ಕಳೆಯುವ ಮೊದಲೇ ಅಲ್ಲೇ ತೀರಿಕೊಂಡರು, ಆಗ 61 ವರ್ಷ. ಕಾರಿನ ಸಾಲ ಹಾಗೇ ಉಳಿಯಿತು. ಪತ್ನಿ ಲಲಿತಾ ಶಾಸ್ತ್ರಿಯವರು ತಮ್ಮ ಪಿಂಚಣಿಯಿಂದ ಅದನ್ನು ತೀರಿಸಿದರು. ದೆಹಲಿಯ ಶಾಸ್ತ್ರಿ ಸ್ಮಾರಕದಲ್ಲಿ ಆ ಕಾರು ಈಗಲೂ ಇದೆ.

"ಎಂಥ ಪ್ರಾಮಾಣಿಕ ಮನುಷ್ಯ" ಎಂದು ಬರೆದು ಮುಂದಿನವರಿಗೆ ಕಳಿಸುತ್ತೇವೆ, ಅಲ್ಲಿಗೆ ಮುಗಿಯಿತು. ಪ್ರಾಮಾಣಿಕರು ಹೌದು. ಆದರೆ ಮನೆ ನಡೆಸುವವರ ಕಣ್ಣಿಂದ ನೋಡಿದರೆ ಅದರಲ್ಲಿ ಇನ್ನೊಂದು ವಿಷಯ ಇದೆ. ಗಂಡ ದೂರದ ದೇಶದಲ್ಲಿ, ಮುನ್ಸೂಚನೆ ಇಲ್ಲದೆ, ಮಧ್ಯರಾತ್ರಿ ಕಳೆದ ಮೇಲೆ ಹೋದರು. ಆದರೂ ಎಲ್ಲಿ, ಎಷ್ಟು ಸಾಲ ಇದೆ ಎಂಬುದು ಮನೆಯಲ್ಲಿ ಮುಚ್ಚಿಟ್ಟ ವಿಷಯ ಆಗಿರಲಿಲ್ಲ. ನಮ್ಮ ಎಷ್ಟು ಮನೆಗಳಲ್ಲಿ ಹೀಗೆ ಹೇಳಬಹುದು ಹೇಳಿ? ಹದಿಮೂರನೇ ದಿನದ ಊಟ ಮುಗಿದು ನೆಂಟರು ಹೊರಟ ಮೇಲೆ ಸೊಸೈಟಿಯ ನೋಟಿಸು ಬರುತ್ತದೆ, ಆಗಲೇ ಹೆಂಡತಿ ಮಕ್ಕಳಿಗೆ ಸಾಲದ ವಿಷಯ ಗೊತ್ತಾಗುವುದು.

ಕೆಳಗಿನ ನಾಲ್ಕು ಹಂತ ಹಿರಿಯರು ಗಟ್ಟಿಯಾಗಿರುವಾಗಲೇ ಮಾಡುವಂಥವು. ಆಮೇಲಿನವು ಹೋದ ನಂತರದ್ದು. ಸಾಲದ ಪ್ರಶ್ನೆಗೆ ಉತ್ತರ ಎಂಟನೇ ಹಂತದಲ್ಲಿದೆ, ಅವಸರ ಇದ್ದವರು ಸೀದಾ ಅಲ್ಲಿಗೇ ಹೋಗಿ. ನಾನು ವಕೀಲನಲ್ಲ. ತಕರಾರು ಇರುವ ಆಸ್ತಿಯಾದರೆ ಇದನ್ನು ಓದಿ ಸುಮ್ಮನಾಗಬೇಡಿ, ವಕೀಲರ ಹತ್ತಿರ ಹೋಗಿ.

1. ಒಂದು ಪುಸ್ತಕ ಮಾಡಿ, ಸಾಲದಿಂದ ಶುರು ಮಾಡಿ

ಇನ್ನೂರು ಪುಟದ ನೋಟ್‌ಬುಕ್ ಸಾಕು. ಮೊಬೈಲಿನಲ್ಲಿ ಬರೆದಿಡಬೇಡಿ, ಮೊಬೈಲಿನ ಲಾಕ್ ತೆರೆಯುವವರು ನೀವೇ ಅಲ್ವಾ.

ಎಲ್ಲರೂ ಮಾಡುವ ತಪ್ಪು ಎಂದರೆ ಆಸ್ತಿಯಿಂದ ಶುರು ಮಾಡುವುದು. ತೋಟ ಎಲ್ಲಿದೆ ಎಂದು ಮನೆಯವರಿಗೆ ಗೊತ್ತೇ ಇರುತ್ತದೆ. ಗೊತ್ತಿಲ್ಲದ್ದು ಸಾಲ. ಮೊದಲ ಪುಟದಲ್ಲಿ ಕೊಡಬೇಕಾದ್ದು ಬರೆಯಿರಿ: ಸೊಸೈಟಿಯ ಬೆಳೆಸಾಲ, ಅದರ ಗಡುವು, ಬ್ಯಾಂಕಿನ ಸಾಲ, ಅಡವಿಟ್ಟ ಬಂಗಾರ ಮತ್ತು ಅದರ ರಸೀದಿ ಎಲ್ಲಿದೆ, ಅಡಿಕೆ ವಖಾರಿಯಲ್ಲಿ ಎತ್ತಿದ ಮುಂಗಡ, ಅಂಗಡಿಯ ಉದರಿ. ಕಾಗದ ಇಲ್ಲದ ಕೈಗಡವನ್ನಂತೂ ಬಿಡಲೇಬೇಡಿ. ಎರಡನೇ ಪುಟದಲ್ಲಿ ಬರಬೇಕಾದ್ದು, ಯಾರಿಗೆ ಎಷ್ಟು ಕೊಟ್ಟಿದ್ದೀರಿ ಎಂದು. ಇದು ಬರೆಯದೆ ಹೋದರೆ ಆ ಹಣ ಹೋಯಿತು ಎಂದೇ ಲೆಕ್ಕ. ಸಾಲ ಕೊಟ್ಟವರು ಹನ್ನೊಂದನೇ ದಿನವೇ ಬಂದು ಹೇಳುತ್ತಾರೆ, ಪಡೆದವರು ಬರುವುದು ಕಡಿಮೆ.

ಮೂರನೇ ಪುಟ ಜಾಮೀನಿನದ್ದು. ನಮ್ಮ ಜಿಲ್ಲೆಯಲ್ಲಿ ಇದು ದೊಡ್ಡ ಗುಂಡಿ. ಊರಿನ ಸಹಕಾರಿ ಸಂಘದಲ್ಲಿ ನಾನು ನಿನಗೆ, ನೀನು ನನಗೆ ಎಂದು ಸಹಿ ಹಾಕಿಕೊಳ್ಳುವುದು ಇಲ್ಲಿ ಮಾಮೂಲು. ಹೆಂಡತಿಗೆ ಹೇಳುವುದೇ ಇಲ್ಲ, ನೆನಪೂ ಇರುವುದಿಲ್ಲ. ಜಾಮೀನು ಹಾಕಿದವರು ತೀರಿಕೊಂಡರೆ, ಅವರು ಬದುಕಿದ್ದಾಗ ಕೊಟ್ಟಾಗಿದ್ದ ಸಾಲಕ್ಕೆ ಅವರು ಬಿಟ್ಟುಹೋದ ಆಸ್ತಿ ಹೊಣೆಯಾಗಿಯೇ ಉಳಿಯುತ್ತದೆ. ಸಂಘಕ್ಕೆ ಹೋಗಿ, ಎಲ್ಲೆಲ್ಲಿ ನನ್ನ ಸಹಿ ಇದೆ ಎಂದು ಕೇಳಿ ಬರೆದುಕೊಳ್ಳಿ. ಇದಕ್ಕೆ ನಾಚಿಕೆ ಬೇಡ.

ಆಮೇಲೆ ಖಾತೆಗಳು, ಠೇವಣಿ, ವಿಮೆ, ಲಾಕರಿನ ಕೀಲಿ, ಎಫ್‌ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ), ಸಂಘದ ಷೇರು. ಎಟಿಎಂ ಪಿನ್ ಬರೆಯಬೇಡಿ, ಏಕೆ ಎಂದು ಏಳನೇ ಹಂತದಲ್ಲಿದೆ. ವರ್ಷಕ್ಕೊಮ್ಮೆ, ಅಡಿಕೆ ಲೆಕ್ಕ ಮುಗಿಸುವಾಗ, ಈ ಪುಸ್ತಕವನ್ನೂ ತಿದ್ದಿ. ಪುಸ್ತಕ ಎಲ್ಲಿದೆ ಎಂಬುದು ಕನಿಷ್ಠ ಇಬ್ಬರಿಗೆ ಗೊತ್ತಿರಲಿ.

2. ನಾಮಿನಿ ಯಾರು ಎಂದು ಇವತ್ತೇ ನೋಡಿ

ನಾಮಿನಿ ಎಂದರೆ ನೀವು ಹೋದ ಮೇಲೆ ಬ್ಯಾಂಕು ಯಾರ ಕೈಗೆ ಹಣ ಕೊಡಬೇಕೋ ಆ ವ್ಯಕ್ತಿ. ಹಳೆಯ ಖಾತೆಗಳಲ್ಲಿ, ಅದರಲ್ಲೂ ಸೊಸೈಟಿ ಸದಸ್ಯತ್ವದಲ್ಲಿ, ಮದುವೆಗೆ ಮೊದಲು ಬರೆಸಿದ ಅಪ್ಪನ ಹೆಸರೇ ಇರುತ್ತದೆ, ಆ ಅಪ್ಪ ಹೋಗಿ ಎಷ್ಟೋ ವರ್ಷ ಆಗಿರುತ್ತದೆ. ಬದಲಾಯಿಸಲು ಒಂದು ಫಾರಂ ಸಾಕು. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಮಾಡಬಹುದು, ಯಾರಿಗೆ ಎಷ್ಟು ಪಾಲು ಎಂದೂ ಬರೆಸಬಹುದು.

ಎಚ್ಚರಿಕೆ: ನಾಮಿನಿ ಮಾಲೀಕ ಅಲ್ಲ. ಹಣ ಪಡೆದು ವಾರಸುದಾರರಿಗೆ ಮುಟ್ಟಿಸಬೇಕಾದವನು, ಅಷ್ಟೇ. 1983ರಲ್ಲಿ ಜೀವವಿಮೆಯ ಪ್ರಕರಣವೊಂದರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿತ್ತು. "ನನ್ನ ಹೆಸರು ನಾಮಿನಿಯಲ್ಲಿದೆ, ಹಣ ನನ್ನದೇ" ಎಂದು ತಮ್ಮಂದಿರ ಜೊತೆ ಜಗಳಕ್ಕೆ ನಿಲ್ಲುವವರು ಇದನ್ನು ಎರಡು ಸಲ ಓದಲಿ.

3. ಉಯಿಲು ಬರೆಯಿರಿ

ಉಯಿಲು, ಅಂದರೆ ನಮ್ಮ ಕಡೆ ಹೇಳುವ ಮೃತ್ಯುಪತ್ರ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯ ಅಲ್ಲ, ಆದರೆ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿದರೆ ಮುಂದೆ "ಇದು ಅವರ ಸಹಿಯೇ ಅಲ್ಲ" ಎನ್ನುವ ತಕರಾರು ಕಡಿಮೆಯಾಗುತ್ತದೆ. ಬರೆದವರ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ನಿಮಗಿಂತ ಚಿಕ್ಕ ವಯಸ್ಸಿನ, ಊರಲ್ಲೇ ಇರುವ ಇಬ್ಬರನ್ನು ಹಿಡಿಯಿರಿ. ಎಂಬತ್ತರ ಗೆಳೆಯನನ್ನು ಸಾಕ್ಷಿ ಮಾಡಿದರೆ ಮುಂದೆ ಸಾಕ್ಷಿ ಹೇಳಲು ಅವನೂ ಇರುವುದಿಲ್ಲ.

ಎಲ್ಲವನ್ನೂ ಉಯಿಲಿನಲ್ಲಿ ಕೊಡಲು ಬರುವುದಿಲ್ಲ. ಸ್ವಂತ ದುಡಿಮೆಯ ಆಸ್ತಿ ಪೂರ್ತಿ ನಿಮ್ಮದು. ಪಿತ್ರಾರ್ಜಿತ ತೋಟದಲ್ಲಿ ನಿಮ್ಮ ಪಾಲನ್ನು ಮಾತ್ರ ಬರೆಯಬಹುದು. ಇದು ಹಿಂದೂ ಕುಟುಂಬಗಳ ಮಾತು. ಮುಸ್ಲಿಂ ಕುಟುಂಬಗಳಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಭಾಗವನ್ನು ಮಾತ್ರ ಉಯಿಲಿನಿಂದ ಕೊಡಬಹುದು, ಕ್ರೈಸ್ತರ ನಿಯಮ ಮತ್ತೂ ಬೇರೆ.

ಹೆಣ್ಣುಮಕ್ಕಳ ವಿಷಯ. 2005ರ ತಿದ್ದುಪಡಿಯಿಂದ ಹಿಂದೂ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. 2005ರಲ್ಲಿ ಅಪ್ಪ ಬದುಕಿರಬೇಕಿತ್ತು ಎಂಬ ವಾದವನ್ನೂ 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದೆ. ಇನ್ನು ಸ್ವಂತ ಆಸ್ತಿಯಾದರೆ, ಉಯಿಲು ಇಲ್ಲದೆ ಗಂಡಸು ತೀರಿಕೊಂಡಾಗ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿರುವ ತಾಯಿ ಎಲ್ಲರಿಗೂ ಸಮಪಾಲು. ತಾಯಿಯನ್ನು ಮರೆಯುವವರು ಬಹಳ. ಮಗನನ್ನು ಕಳೆದುಕೊಂಡ ಅಜ್ಜಿ ಮೂಲೆಯಲ್ಲಿ ಕೂತಿರುತ್ತಾಳೆ, ಅವಳಿಗೂ ಪಾಲಿದೆ ಎಂದು ಯಾರೂ ಹೇಳುವುದಿಲ್ಲ.

4. ಕೊನೆಯ ಇಚ್ಛೆ ಬಾಯಲ್ಲೂ ಹೇಳಿ

ಜವಾಹರಲಾಲ್ ನೆಹರೂ 1954ರಲ್ಲೇ ತಮ್ಮ ಉಯಿಲು ಬರೆದಿದ್ದರು. ತಮಗೆ ಧಾರ್ಮಿಕ ವಿಧಿಗಳು ಬೇಡ, ಒಂದು ಹಿಡಿ ಬೂದಿ ಗಂಗೆಗೆ, ಉಳಿದದ್ದನ್ನು ವಿಮಾನದಿಂದ ರೈತರ ಹೊಲಗಳ ಮೇಲೆ ಚೆಲ್ಲಿ ಎಂದು ಅದರಲ್ಲಿತ್ತು. 1964ರ ಮೇ 27ರಂದು ತೀರಿಕೊಂಡಾಗ ಬೂದಿಯನ್ನು ಹಾಗೇ ಚೆಲ್ಲಿದರು, ಆದರೆ ಅಂತ್ಯಕ್ರಿಯೆ ಮಂತ್ರ, ವಿಧಿಗಳೊಂದಿಗೇ ನಡೆಯಿತು. ಪ್ರಧಾನಿಯ ಮಾತೇ ಅರ್ಧ ನಡೆಯಿತು, ನಮ್ಮದು ಎಷ್ಟು ನಡೆದೀತು?

ಉಯಿಲನ್ನು ಓದುವ ಹೊತ್ತಿಗೆ ಚಿತೆ ಆರಿರುತ್ತದೆ. ಆದ್ದರಿಂದ ಕಣ್ಣು ದಾನ, ದೇಹದಾನ, ಕ್ರಿಯೆ ಬೇಕು ಬೇಡ ಎಂಬುದನ್ನು ಉಯಿಲಿನೊಳಗೆ ಬರೆದು ಮುಚ್ಚಿಡಬೇಡಿ. ಹೆಂಡತಿ, ಮಕ್ಕಳು ಮತ್ತು ಅವತ್ತು ಮುಂದೆ ನಿಂತು ಯಜಮಾನಿಕೆ ಮಾಡುವ ಆ ಒಬ್ಬ ಚಿಕ್ಕಪ್ಪನ ಎದುರಿಗೇ ಹೇಳಿ. ಕಣ್ಣು ದಾನ ಸಾವಿನ ನಂತರ ಆರು ಗಂಟೆಯೊಳಗೆ ಆಗಬೇಕು. ಮನೆಯವರು ಫ್ಯಾನ್ ನಿಲ್ಲಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟಿರಬೇಕು. ದೇಹದಾನಕ್ಕೆ ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗವನ್ನು ಮೊದಲೇ ಸಂಪರ್ಕಿಸಿ ಫಾರಂ ತುಂಬಿಡಿ, ನಮ್ಮ ಜಿಲ್ಲೆಯಲ್ಲಿ ಕಾರವಾರದಲ್ಲೇ ಸರ್ಕಾರಿ ಕಾಲೇಜಿದೆ. ನೀವು ಫಾರಂ ತುಂಬಿದ್ದರೂ ಮನೆಯವರು ಒಪ್ಪದಿದ್ದರೆ ಆಗುವುದಿಲ್ಲ, ಅದು ನೆನಪಿರಲಿ.

ಇಲ್ಲಿಂದ ಮುಂದೆ, ಹೋದ ಮೇಲಿನ ಕೆಲಸ.

5. ಸಾವು ಸಹಜವಲ್ಲದಿದ್ದರೆ ಅವಸರ ಮಾಡಬೇಡಿ

ಶಾಸ್ತ್ರಿಯವರ ಮರಣೋತ್ತರ ಪರೀಕ್ಷೆ ನಡೆಯಲೇ ಇಲ್ಲ. ಹೃದಯಾಘಾತ ಎಂದು ಹೇಳಿದರು, ಅಂತ್ಯಕ್ರಿಯೆ ಆಯಿತು. ಅವರ ಮನೆಯವರು ಕೇಳುತ್ತಾ ಬಂದ ಪ್ರಶ್ನೆಗಳಿಗೆ ಅರವತ್ತು ವರ್ಷವಾದರೂ ಕೊನೆ ಸಿಕ್ಕಿಲ್ಲ. ಏನಾಯಿತು ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಆದರೆ ಒಂದು ಕಾಗದ ಇಲ್ಲದಿದ್ದರೆ ಒಂದು ಮನೆ ಎಷ್ಟು ಕಾಲ ಅದೇ ಪ್ರಶ್ನೆಯಲ್ಲಿ ಸಿಕ್ಕಿಕೊಳ್ಳುತ್ತದೆ ನೋಡಿ.

ನಮ್ಮಲ್ಲಿ ಕೊನೆಗೌಡರು (ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವರು) ಅಡಿಕೆ ಮರದಿಂದ ಬೀಳುತ್ತಾರೆ. ಹಾವು ಕಚ್ಚುತ್ತದೆ. ಪಂಪ್‌ಸೆಟ್ ಹತ್ತಿರ ಕರೆಂಟ್ ಹೊಡೆಯುತ್ತದೆ. ಅಳಿವೆಯಲ್ಲಿ ದೋಣಿ ಮಗುಚುತ್ತದೆ. ಇಂಥ ಸಾವುಗಳಲ್ಲಿ ಊರಿನ ಹಿರಿಯರು "ದೇಹ ಕುಯ್ಯಿಸುವುದು ಬೇಡ ಮಾರಾಯ, ಹೋದವರು ಹೋದರು" ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಒಪ್ಪಿಕೊಂಡರೆ ಮುಂದೆ ಅಪಘಾತ ವಿಮೆ ಸಿಗುವುದು ಬಹಳ ಕಷ್ಟ.

ಹಾಗಾಗಿ, ಮೊದಲು ಪೊಲೀಸ್ ಠಾಣೆಗೆ ದೂರು. ಪಂಚನಾಮೆ (ಸ್ಥಳದಲ್ಲಿ ಪಂಚರ ಎದುರು ಬರೆಯುವ ವರದಿ). ಆಮೇಲೆ ಮರಣೋತ್ತರ ಪರೀಕ್ಷೆ. ಮೂರರ ಪ್ರತಿಯನ್ನೂ ಕೇಳಿ ಪಡೆಯಿರಿ. ಹಾವು ಕಚ್ಚಿದಾಗ, ಮರದಿಂದ ಬಿದ್ದಾಗ ತಕ್ಷಣ ಆಸ್ಪತ್ರೆಗೆ ಸೇರಿಸಿದ್ದರೆ ಅಲ್ಲಿನ ದಾಖಲೆಯೂ ಮುಖ್ಯ, ಏನಾಗಿ ಬಂದರು ಎಂದು ಅದರಲ್ಲಿ ಬರೆದಿದೆಯೇ ನೋಡಿಕೊಳ್ಳಿ. ರೈತರ ಆಕಸ್ಮಿಕ ಸಾವಿಗೆ ಪರಿಹಾರ ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಮೀನುಗಾರರು ಮೀನುಗಾರಿಕೆ ಇಲಾಖೆಯಲ್ಲಿ ಗುಂಪು ಅಪಘಾತ ವಿಮೆ ಕೇಳಿ.

ಸಮುದ್ರದಲ್ಲಿ ಕಾಣೆಯಾಗಿ ದೇಹ ಸಿಗದಿದ್ದರೆ ಕಷ್ಟ ಜಾಸ್ತಿ. ಏಳು ವರ್ಷ ಸುದ್ದಿ ಇಲ್ಲದಿದ್ದರೆ ಸತ್ತಿದ್ದಾರೆ ಎಂದು ಕಾನೂನು ಭಾವಿಸುತ್ತದೆ, ಅದಕ್ಕೂ ಕಾಣೆಯಾದ ದಿನದ ದೂರೇ ಆಧಾರ. ಅವತ್ತೇ ದೂರು ಕೊಡಿ. ಜೊತೆಗಿದ್ದ ತಂಡೇಲ (ಬೋಟ್ ನಡೆಸುವವರು) ಮತ್ತು ಕಲಾಸಿಗಳ (ಬೋಟಿನ ಕೆಲಸಗಾರರು) ಹೇಳಿಕೆ ಬರೆಸಿ.

6. ಮರಣ ಪ್ರಮಾಣಪತ್ರ, 21 ದಿನದೊಳಗೆ

ಆಸ್ಪತ್ರೆಯಲ್ಲಿ ತೀರಿಕೊಂಡರೆ ಆಸ್ಪತ್ರೆಯವರೇ ವರದಿ ಮಾಡುತ್ತಾರೆ. ಮನೆಯಲ್ಲಾದರೆ ಮನೆಯವರು ತಿಳಿಸಬೇಕು, ಹಳ್ಳಿಯಾದರೆ ಪಂಚಾಯಿತಿಯಲ್ಲಿ ವಿಚಾರಿಸಿ, ಪೇಟೆಯಾದರೆ ನಗರಸಭೆಗೆ ಹೋಗಿ. 21 ದಿನದೊಳಗಾದರೆ ಶುಲ್ಕ ಇಲ್ಲ. ಆಮೇಲೆ ದಂಡ. 30 ದಿನ ದಾಟಿದರೆ ಮೇಲಧಿಕಾರಿಯ ಅನುಮತಿ, ಒಂದು ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶವೇ ಬೇಕು.

ಎಲ್ಲರೂ ಬೀಳುವ ಗುಂಡಿ ಹೆಸರಿನದ್ದು. ಆಧಾರಿನಲ್ಲಿ ನಾಯ್ಕ, ಪಹಣಿಯಲ್ಲಿ ನಾಯಕ. ಒಂದರಲ್ಲಿ ಭಟ್ಟ, ಇನ್ನೊಂದರಲ್ಲಿ ಭಟ್. ತಂದೆಯ ಹೆಸರು ಒಂದು ಕಡೆ ರಾಮ, ಇನ್ನೊಂದು ಕಡೆ ರಾಮಕೃಷ್ಣ. ವಿವರ ಕೊಡುವಾಗ ಆಧಾರ್ ಕಾರ್ಡು, ಪಹಣಿ ಎರಡನ್ನೂ ಎದುರಿಗಿಟ್ಟುಕೊಂಡು ಕೊಡಿ. ದುಃಖದಲ್ಲಿರುವ ಮಗನನ್ನು ಕಳಿಸಬೇಡಿ, ಅಕ್ಷರ ನೋಡಿ ತಪ್ಪು ಹಿಡಿಯುವ ಅಳಿಯನನ್ನೋ ಪಕ್ಕದ ಮನೆಯ ಮೇಷ್ಟ್ರನ್ನೋ ಕಳಿಸಿ. ಒಂದೇ ಸಲಕ್ಕೆ ಹತ್ತು ಪ್ರತಿ ತೆಗೆಸಿ, ಎಲ್ಲ ಖರ್ಚಾಗುತ್ತವೆ.

7. ಬ್ಯಾಂಕು ಮತ್ತು ವಿಮೆ

ಇಲ್ಲಿ ಮೊದಲು ಬೇಡದ್ದನ್ನು ಹೇಳುತ್ತೇನೆ. ತೀರಿಕೊಂಡವರ ಎಟಿಎಂ ಕಾರ್ಡಿನಿಂದ ಹಣ ತೆಗೆಯಬೇಡಿ. ಕ್ರಿಯೆಯ ಖರ್ಚಿಗೆ ಎಂದು ಎಲ್ಲರೂ ತೆಗೆಯುತ್ತಾರೆ, ಆಮೇಲೆ ಬೇರೆ ವಾರಸುದಾರರು ಕೇಳಿದರೆ ಉತ್ತರ ಇರುವುದಿಲ್ಲ. ಹಾಗೆಯೇ ಅವರ ಸಿಮ್ ಅನ್ನು ಕೂಡಲೇ ರದ್ದು ಮಾಡಿಸಬೇಡಿ. ಕೆಲವು ತಿಂಗಳು ರೀಚಾರ್ಜ್ ಮಾಡಿ ಇಟ್ಟುಕೊಳ್ಳಿ. ಎಲ್ಲಿ ಖಾತೆ ಇದೆ, ಯಾವ ವಿಮೆಯ ಕಂತು ಬಾಕಿ, ಯಾವ ಸಾಲದ ಗಡುವು ಬಂತು ಎಂಬುದು ಅದಕ್ಕೆ ಬರುವ ಸಂದೇಶಗಳಲ್ಲೇ ಗೊತ್ತಾಗುತ್ತದೆ.

ಪಾಸ್‌ಬುಕ್ ಅನ್ನು ಪೂರ್ತಿ ಅಚ್ಚು ಹಾಕಿಸಿ, ಒಂದೊಂದೇ ಸಾಲು ಓದಿ. ಮೇ ಅಥವಾ ಜೂನಿನಲ್ಲಿ 436 ರೂಪಾಯಿ ಕಡಿತ ಆಗಿದೆಯೇ? ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ, ಯಾವ ಕಾರಣದಿಂದ ಸತ್ತರೂ 2 ಲಕ್ಷ. 20 ರೂಪಾಯಿ ಕಡಿತ ಇದ್ದರೆ ಸುರಕ್ಷಾ ವಿಮೆ, ಅಪಘಾತದ ಸಾವಿಗೆ 2 ಲಕ್ಷ. ಬ್ಯಾಂಕಿನಲ್ಲಿ ಯಾವಾಗಲೋ ಫಾರಂಗೆ ಸಹಿ ಹಾಕಿರುತ್ತಾರೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ. ಬ್ಯಾಂಕಿನವರು ತಾವಾಗಿ ಹೇಳಲಿ ಎಂದು ಕಾಯಬೇಡಿ.

ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟಿದ್ದರೆ ಅದರ ಪರಿಹಾರ ತಡವಾಗಿ, ಅವರದೇ ಖಾತೆಗೆ ಬರಬಹುದು. ಅದು ಬಂದಿದೆಯೇ ನೋಡದೆ ಖಾತೆ ಮುಚ್ಚಿಸಬೇಡಿ. ಪಿಎಂ ಕಿಸಾನ್ ಹಣದ ಕಥೆ ಇದಕ್ಕೆ ಉಲ್ಟಾ, ತೀರಿಕೊಂಡದ್ದನ್ನು ತಿಳಿಸದೆ ಕಂತು ಪಡೆಯುತ್ತಾ ಹೋದರೆ ವಾಪಸ್ ಕೇಳುತ್ತಾರೆ.

ನಾಮಿನಿ ಇದ್ದರೆ ಅಥವಾ ಉಳಿದವರಿಗೆ ಹೋಗುವಂತೆ ಮಾಡಿಸಿದ ಜಂಟಿ ಖಾತೆಯಾದರೆ ಕೆಲಸ ಸುಲಭ. ದಾಖಲೆ ಪೂರ್ತಿ ಕೊಟ್ಟ 15 ದಿನದೊಳಗೆ ಬ್ಯಾಂಕು ಹಣ ಕೊಡಬೇಕು, ಇದು ರಿಸರ್ವ್ ಬ್ಯಾಂಕಿನ ನಿಯಮ. ಕೊಟ್ಟ ದಿನ ಸ್ವೀಕೃತಿ ಪಡೆಯದೆ ಎದ್ದು ಬರಬೇಡಿ. ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಆದರೆ ಮುಳುಗುವುದಿಲ್ಲ. ಅಜ್ಜನ ಹೆಸರಿನಲ್ಲಿ ಏನಾದರೂ ಇದೆಯೇ ಎಂದು ಉದ್ಗಮ್ ಎಂಬ ಜಾಲತಾಣದಲ್ಲಿ ಹುಡುಕಬಹುದು.

8. ಸಾಲ: ನೀವು ಎಷ್ಟಕ್ಕೆ ಹೊಣೆ?

ಈಗ ಎಲ್ಲರೂ ಕೇಳುವ ಪ್ರಶ್ನೆ. ಲಲಿತಾ ಶಾಸ್ತ್ರಿಯವರು ತಮ್ಮ ಪಿಂಚಣಿಯಿಂದ ಸಾಲ ತೀರಿಸಲೇಬೇಕಿತ್ತಾ? ಸತ್ತವರ ಸಾಲಕ್ಕೆ ಹೊಣೆ ಅವರು ಬಿಟ್ಟುಹೋದ ಆಸ್ತಿಯೇ ಹೊರತು ಹೆಂಡತಿಯ ಸ್ವಂತ ಹಣ ಅಲ್ಲ ಎಂಬುದು ಸಾಮಾನ್ಯ ನಿಯಮ. ಅವರು ತೀರಿಸಿದ್ದು ಮನೆಯ ಮರ್ಯಾದೆ ಎಂದುಕೊಂಡು. ಅದು ದೊಡ್ಡ ಗುಣ. ಆದರೆ ಆ ಕಥೆ ತೋರಿಸಿ ಒಬ್ಬ ವಿಧವೆಯ ಕೈಯಿಂದ ಸಾಲ ವಸೂಲಿ ಮಾಡಲು ಬರುವವರ ಮಾತು ಕೇಳಬೇಡಿ.

ಲೆಕ್ಕ ಹೀಗೆ. ಅಪ್ಪನಿಂದ ನಿಮಗೆ ಬಂದ ಆಸ್ತಿ 10 ಲಕ್ಷ, ಅಪ್ಪನ ಸಾಲ 12 ಲಕ್ಷ ಎಂದಿಟ್ಟುಕೊಳ್ಳಿ. ನಿಮ್ಮ ಹೊಣೆ 10 ಲಕ್ಷದವರೆಗೆ. ಏನೂ ಬಂದಿಲ್ಲ ಎಂದರೆ ಏನೂ ಇಲ್ಲ. ಹಿಂದೆ ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬುದಕ್ಕೆ ಹಿಂದೂ ಕಾನೂನಿನಲ್ಲೂ ಜಾಗ ಇತ್ತು. 2005ರ ತಿದ್ದುಪಡಿ ಜಾರಿಗೆ ಬಂದ ನಂತರದ ಸಾಲಗಳಿಗೆ ಅದು ಇಲ್ಲ.

ಆದರೆ ಮೂರು ಕಡೆ ಈ ರಕ್ಷಣೆ ಕೆಲಸಕ್ಕೆ ಬರುವುದಿಲ್ಲ. ನೀವು ಸಾಲಕ್ಕೆ ಜೊತೆಯಲ್ಲಿ ಸಹಿ ಹಾಕಿದ್ದರೆ ಪೂರ್ತಿ ನಿಮ್ಮದೇ, ಮನೆ ಸಾಲದಲ್ಲಿ ಹೆಂಡತಿಯನ್ನು ಹೀಗೆ ಸೇರಿಸಿರುತ್ತಾರೆ. ಜಾಮೀನು ಹಾಕಿದ್ದರೂ ಅಷ್ಟೇ. ಇನ್ನು ತೋಟವನ್ನೋ ಬೋಟನ್ನೋ ಅಡವಿಟ್ಟಿದ್ದರೆ, ಸಾಲ ತೀರಿಸದಿದ್ದಾಗ ಅದು ಹೋಗುತ್ತದೆ, ಯಾರ ಹೆಸರಿಗೆ ಬಂದಿದ್ದರೂ.

ದೊಡ್ಡ ಗುಂಡಿ ಒಂದಿದೆ. ಸಂಘಕ್ಕೆ ಹೋದಾಗ "ಸಾಲವನ್ನು ನಿಮ್ಮ ಹೆಸರಿಗೆ ನವೀಕರಿಸಿಬಿಡಿ, ಸುಮ್ನೆ ಒಂದು ಸಹಿ" ಎನ್ನುತ್ತಾರೆ. ಸಹಿ ಹಾಕಿದ ಕ್ಷಣದಿಂದ ಅದು ಅಪ್ಪನ ಸಾಲ ಅಲ್ಲ, ನಿಮ್ಮ ಸಾಲ. ತೋಟ ನೀವೇ ಮುಂದುವರಿಸುವವರಾದರೆ ಇದು ಸರಿಯಾದ ದಾರಿಯೇ ಇರಬಹುದು, ಆದರೆ ತೋಟದಲ್ಲಿ ಪಾಲು ಇರುವ ಅಣ್ಣ ಬೆಂಗಳೂರಿನಲ್ಲಿ ಆರಾಮಾಗಿರುವಾಗ ಸಾಲಕ್ಕೆ ನೀವೊಬ್ಬರೇ ಸಹಿ ಹಾಕುವುದು ಯಾಕೆ? ಮೊದಲು ಬಾಕಿಯ ಲೆಕ್ಕ ಬರವಣಿಗೆಯಲ್ಲಿ ಕೇಳಿ. ಸಾಲಕ್ಕೆ ವಿಮೆ ಇತ್ತೇ ಎಂದು ಕೇಳಿ. ಅಪ್ಪನ ಷೇರು, ಠೇವಣಿ, ಅಡಿಕೆ ಬಾಬ್ತಿನ ಜಮಾ ಎಷ್ಟಿದೆ ಎಂದೂ ಕೇಳಿ. ಆಮೇಲೆ ಪಾಲುದಾರರೆಲ್ಲ ಕೂತು ಮಾತಾಡಿ.

ಇನ್ನೊಂದು, ಸಹಕಾರಿ ಸಂಘದ 5 ಲಕ್ಷದವರೆಗಿನ ಬಡ್ಡಿ ಇಲ್ಲದ ಬೆಳೆಸಾಲ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಸೂತಕದ ಗಡಿಬಿಡಿಯಲ್ಲಿ ಆ ದಿನ ದಾಟಿಹೋಗಿ ಬಡ್ಡಿ ಬೀಳುವುದನ್ನು ಬೇಕಾದಷ್ಟು ಮನೆಗಳಲ್ಲಿ ನೋಡಿದ್ದೇನೆ. ಬೇರೆಲ್ಲ ಆಮೇಲೆ ಮಾಡಿದರೂ ಆದೀತು, ಆ ಗಡುವನ್ನು ಮಾತ್ರ ಮೊದಲ ವಾರದಲ್ಲೇ ನೋಡಿ.

9. ಜಮೀನು, ಬೋಟು, ಅತಿಕ್ರಮಣ ಜಾಗ

ಪೌತಿ ಖಾತೆ ಎಂದರೆ ತೀರಿಕೊಂಡವರ ಹೆಸರು ತೆಗೆದು ವಾರಸುದಾರರ ಹೆಸರನ್ನು ಪಹಣಿಗೆ ಸೇರಿಸುವುದು. ಮರಣ ಪ್ರಮಾಣಪತ್ರ, ವಂಶವೃಕ್ಷ (ಕುಟುಂಬದವರೆಲ್ಲರ ಹೆಸರಿನ ದೃಢೀಕೃತ ಪಟ್ಟಿ), ಎಲ್ಲರ ಆಧಾರ್, ಪಹಣಿ ಹಿಡಿದು ನಾಡಕಚೇರಿಗೆ ಹೋಗಿ. ಅರ್ಜಿಯ ನಂತರ ನೋಟಿಸ್ ಹೊರಡುತ್ತದೆ, ಅದರಲ್ಲಿ ಬರೆದ ಗಡುವಿನೊಳಗೆ ಯಾರೂ ಆಕ್ಷೇಪ ಎತ್ತದಿದ್ದರೆ ಹೆಸರು ಕೂರುತ್ತದೆ.

ವಂಶವೃಕ್ಷದಲ್ಲಿ ಯಾರನ್ನೂ ಬಿಡಬೇಡಿ. ಮದುವೆಯಾಗಿ ಹೋದ ಅಕ್ಕ, ಜಗಳವಾಡಿ ಮುಂಬೈ ಸೇರಿದ ತಮ್ಮ, ಮೊದಲೇ ತೀರಿಕೊಂಡ ಅಣ್ಣನ ಮಕ್ಕಳು, ಎಲ್ಲರೂ ಬರಬೇಕು. ಬಿಟ್ಟರೆ ಸುಳ್ಳು ಪ್ರಮಾಣಪತ್ರ ಕೊಟ್ಟಂತೆ, ಇಪ್ಪತ್ತು ವರ್ಷದ ಮೇಲೂ ಕೋರ್ಟಿಗೆ ಹೋಗಬಹುದು. ಅಕ್ಕ ತಂಗಿಯರು ಪಾಲು ಬೇಡ ಎಂದರೆ ಬಾಯಿಮಾತು ಸಾಲದು, ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಬೇಕು. ಅದನ್ನು ವೈಕುಂಠ ಸಮಾರಾಧನೆಯ ದಿನ, ಹೇಗೂ ಎಲ್ಲರೂ ಸೇರಿದ್ದಾರೆ ಎಂದು, ಊಟದ ಎಲೆ ತೆಗೆಯುವ ಮೊದಲೇ ಮುಂದೆ ಹಿಡಿಯುವ ಪದ್ಧತಿ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಅವರು ಮನೆಗೆ ಹೋಗಿ ಯೋಚಿಸಲಿ. ಕೊಡುವ ಮನಸ್ಸಿದ್ದವರು ಎರಡು ತಿಂಗಳು ಬಿಟ್ಟೂ ಕೊಡುತ್ತಾರೆ.

ಜಂಟಿ ಹೆಸರಲ್ಲಿ ಪೌತಿ ಆದ ಮೇಲೆ ವಿಭಾಗ ಬೇಕಿದ್ದರೆ ಸರ್ವೆ ನಕ್ಷೆ, ನೋಂದಣಿ, ಅದು ಬೇರೆಯೇ ಕೆಲಸ. ತೋಟದ ಜೊತೆಗಿರುವ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನ ಜಾಗ) ಮಾತನ್ನೂ ವಿಭಾಗದ ಹೊತ್ತಿಗೇ ಆಡಿ ಮುಗಿಸಿ. ಬೆಟ್ಟ ನಿಮ್ಮ ಸ್ವಂತ ಆಸ್ತಿ ಅಲ್ಲ, ತೋಟಕ್ಕೆ ಅಂಟಿಕೊಂಡ ಸೌಲಭ್ಯ.

ಬೋಟಿದ್ದವರು ಮೀನುಗಾರಿಕೆ ಇಲಾಖೆಯಲ್ಲಿ ನೋಂದಣಿ ಮತ್ತು ಪರವಾನಗಿಯನ್ನು ವಾರಸುದಾರರ ಹೆಸರಿಗೆ ಮಾಡಿಸಬೇಕು, ಇಲ್ಲದಿದ್ದರೆ ಕರರಹಿತ ಡೀಸೆಲ್‌ಗೂ ವಿಮೆಗೂ ತೊಂದರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುತ್ತದಲ್ಲ, ಆಗ ಓಡಾಡಿ ಮುಗಿಸಿಬಿಡಿ. ಬೋಟಿನಲ್ಲಿ ಪಾಲುದಾರರಿದ್ದರೆ ಮೊದಲು ಅವರ ಜೊತೆ ಲೆಕ್ಕ ಮಾಡಿ ಬರೆದುಕೊಳ್ಳಿ.

ಕೊನೆಗೆ ಅತಿಕ್ರಮಣ ಜಾಗ. ನಮ್ಮ ಜಿಲ್ಲೆಯಲ್ಲಿ ಪಹಣಿಯೇ ಇಲ್ಲದೆ ಅರಣ್ಯ ಜಾಗದಲ್ಲಿ ಮನೆ, ಗದ್ದೆ ಮಾಡಿಕೊಂಡವರು ಬಹಳ. ಅಲ್ಲಿ ಪೌತಿ ಖಾತೆ ಆಗುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕುಪತ್ರ ಸಿಕ್ಕಿದ್ದರೆ ಅದು ವಾರಸುದಾರರಿಗೆ ಬರುತ್ತದೆ, ಮಾರಲು ಮಾತ್ರ ಬರುವುದಿಲ್ಲ. ಅರ್ಜಿ ಇನ್ನೂ ಬಾಕಿ ಇದ್ದರೆ, ಅರ್ಜಿದಾರರು ತೀರಿಕೊಂಡ ವಿಷಯವನ್ನು ಮರಣ ಪ್ರಮಾಣಪತ್ರದ ಪ್ರತಿ ಸೇರಿಸಿ ಗ್ರಾಮ ಅರಣ್ಯ ಹಕ್ಕು ಸಮಿತಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹಳೆಯ ಅರ್ಜಿಯ ರಸೀದಿ, ಜಿಪಿಎಸ್ ನಕ್ಷೆ, ಮನೆ ತೆರಿಗೆ ಪಾವತಿ, ಹಳೆಯ ಕರೆಂಟ್ ಬಿಲ್, ದಂಡ ಕಟ್ಟಿದ ಚೀಟಿ ಇದ್ದರೆ ಅದೂ, ಒಂದನ್ನೂ ಎಸೆಯಬೇಡಿ. ಮಳೆಗಾಲದಲ್ಲಿ ಕಾಗದ ಬೂಸ್ಟು ಹಿಡಿಯುತ್ತದೆ, ಪ್ಲಾಸ್ಟಿಕ್ ಲಕೋಟೆಗೆ ಹಾಕಿ ಅಟ್ಟದ ಮೇಲಲ್ಲ, ಕಪಾಟಿನಲ್ಲಿ ಇಡಿ.